ಹಳ್ಳ ದಾಟುವ ಜಿಪ್ಸಿಯ ಡಿಫರೆನ್ಷಿಯಲ್‌ಗೆ ಯಾವ ಗೇರ್ ಆಯಿಲ್?

ಪ್ರಶ್ನೆ: ಸಕಲೇಶಪುರದ ಕಡೆ ನಮ್ಮದೊಂದು ಕಾಫಿ ತೋಟವಿದೆ. ತೋಟದ ಕೆಲಸಕ್ಕೆ ಹಳೆಯ ಜಿಪ್ಸಿ ಕಿಂಗ್ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ದಿನವೂ ಒಂದು ಹಳ್ಳ ದಾಟಬೇಕು, ಕೊಯ್ಲಿನ ಸಮಯದಲ್ಲಿ ಹಣ್ಣಿನ ಚೀಲ ತುಂಬಿದ ಸಣ್ಣ ಟ್ರೈಲರ್ ಎಳೆಯಬೇಕು, ಬಿಡುವಾದಾಗ ಗೆಳೆಯರ ಜತೆ ಆಫ್‌ರೋಡ್ ಹೋಗುವುದೂ ಉಂಟು. ನಮ್ಮೂರಿನ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಎರಡು ಡಿಫರೆನ್ಷಿಯಲ್ ಎಲ್ಲಕ್ಕೂ ಒಂದೇ ಡ್ರಮ್ಮಿನಿಂದ ‘ನೈಂಟಿ ಆಯಿಲ್’ ಹಾಕುತ್ತಾರೆ. ಗೆಳೆಯರು 75ಡಬ್ಲ್ಯು-140 ಸಿಂಥೆಟಿಕ್ ಹಾಕಿಸು ಎನ್ನುತ್ತಾರೆ. ಹಿಂದಿನ ಆಕ್ಸಲ್‌ಗೆ, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂರಿಸುವ ಯೋಚನೆಯೂ ಇದೆ. ಈಚೆಗೆ ಹೆದ್ದಾರಿಯಲ್ಲಿ ಹಿಂದಿನಿಂದ ಸಣ್ಣಗೆ ಕೂಗುವಂಥ ಸದ್ದು ಬರುತ್ತಿದೆ; ಎಣ್ಣೆ ದಪ್ಪಗಿದ್ದರೆ ಅದು ನಿಲ್ಲುತ್ತದೆಯೆ? ಯಾವ ಎಣ್ಣೆ ಹಾಕಿಸಲಿ, ಎಷ್ಟು ಕಾಲಕ್ಕೊಮ್ಮೆ ಬದಲಿಸಲಿ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ನಿಮ್ಮ ಜಿಪ್ಸಿಯ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳೆರಡಕ್ಕೂ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಜಿಎಲ್-5 ದರ್ಜೆಯ 80ಡಬ್ಲ್ಯು-90 ಗೇರ್ ಆಯಿಲ್ ಸಾಕು. ಅದು ಒಳ್ಳೆಯ ತಯಾರಕರ ಸಾಧಾರಣ ಖನಿಜ ತೈಲವಾಗಿದ್ದರೂ ಕೊರತೆಯೇನಿಲ್ಲ. ಗೇರ್‌ಬಾಕ್ಸಿಗೆ ಅದೇ ಎಣ್ಣೆಯನ್ನು ಹಾಕಿಸಬೇಡಿ. ಅಲ್ಲಿಗೆ ಜಿಎಲ್-4 ದರ್ಜೆಯದು ಬೇಕು. ದುಬಾರಿ ಸಿಂಥೆಟಿಕ್‌ಗೆಂದು ಎತ್ತಿಟ್ಟ ಹಣವನ್ನು ಎಣ್ಣೆಯನ್ನು ಬೇಗ ಬೇಗ ಬದಲಿಸುವುದಕ್ಕೂ ಆಕ್ಸಲ್‌ನ ಬ್ರೀದರ್ (ಒಳಗಿನ ಗಾಳಿ ಹೊರಗೊಳಗೆ ಆಡುವ ರಂಧ್ರ) ಸರಿಪಡಿಸುವುದಕ್ಕೂ ಬಳಸಿ. ನೀರಿಗಿಳಿಯುವ ಗಾಡಿಗಳಲ್ಲಿ ಡಿಫರೆನ್ಷಿಯಲ್ ಹಾಳಾಗುವುದನ್ನು ಗಮನಿಸಿದರೆ, ಎಣ್ಣೆಯ ದರ್ಜೆ ತಪ್ಪಿರುವುದು, ಅದರ ಮಟ್ಟ ಇಳಿದಿರುವುದು, ಇಲ್ಲವೇ ಅದಕ್ಕೆ ನೀರು ಬೆರೆತಿರುವುದು – ಈ ಮೂರರಲ್ಲೊಂದು ಕಾರಣವೇ ಹೆಚ್ಚಾಗಿ ಕಾಣುತ್ತದೆ. ಎಣ್ಣೆ ಅಗ್ಗದ್ದಾಗಿತ್ತೆಂಬ ಒಂದೇ ಕಾರಣಕ್ಕೆ ಕ್ರೌನ್ (ಡಿಫರೆನ್ಷಿಯಲ್‌ನ ದೊಡ್ಡ ಗೇರ್) ಹೋಯಿತೆಂಬ ಉದಾಹರಣೆ ಅಪರೂಪ.

ದರ್ಜೆಯ ಮಾತು ಏಕೆ ಅಷ್ಟು ಮುಖ್ಯ ಎಂಬುದನ್ನು ತಿಳಿಯಲು ಕ್ರೌನ್ ಮತ್ತು ಪಿನಿಯನ್‌ಗಳ ರಚನೆಯನ್ನು ಸ್ವಲ್ಪ ನೋಡಬೇಕು. ಪ್ರೊಪೆಲ್ಲರ್ ಶಾಫ್ಟ್‌ನ ತುದಿಯ ಪಿನಿಯನ್ ಎಂಬ ಸಣ್ಣ ಗೇರ್ ಕ್ರೌನ್ ವ್ಹೀಲಿನ ನಟ್ಟನಡುವಿನ ಅಕ್ಷಕ್ಕೆ ನೇರವಾಗಿ ಕೂಡದೆ, ಅದರಿಂದ ಕೊಂಚ ಕೆಳಗೆ ಅಥವಾ ಮೇಲೆ ಸರಿದು ಕೂಡುತ್ತದೆ. ಈ ವಿನ್ಯಾಸವನ್ನು ಹೈಪಾಯ್ಡ್ ಎನ್ನುತ್ತಾರೆ. ಅಮೆರಿಕದ ಗ್ಲೀಸನ್ ಕಂಪನಿ ರೂಪಿಸಿದ ಈ ಗೇರನ್ನು ಪ್ಯಾಕರ್ಡ್ ಕಾರುಗಳು 1926ರಲ್ಲಿ ಬಳಕೆಗೆ ತಂದವು; ಪಿನಿಯನ್ ಕೆಳಗೆ ಸರಿದದ್ದರಿಂದ ಶಾಫ್ಟ್ ಕೆಳಗಾಯಿತು, ಕಾರಿನ ನೆಲಹಾಸು ತಗ್ಗಿತು, ಸದ್ದೂ ಕಡಿಮೆಯಾಯಿತು. ಆದರೆ ಅಕ್ಷ ಸರಿದದ್ದರ ಬೆಲೆಯನ್ನು ಎಣ್ಣೆ ತೆರಬೇಕಾಯಿತು. ಸಾಮಾನ್ಯ ಗೇರುಗಳಲ್ಲಿ ಹಲ್ಲು ಹಲ್ಲಿನ ಮೇಲೆ ಬಹುಪಾಲು ಉರುಳುತ್ತದೆ. ಹೈಪಾಯ್ಡ್‌ನಲ್ಲಿ ಅದು ಉರುಳುವುದರ ಜತೆಗೆ ಹಲ್ಲಿನ ಉದ್ದಕ್ಕೂ ಜಾರುತ್ತದೆ, ಅದೂ ಇಡೀ ಗಾಡಿಯ ಭಾರವನ್ನು ದೂಡುವ ಒತ್ತಡದಲ್ಲಿ. ಅಂಥ ಒತ್ತಡದ ಜಾರಾಟದಲ್ಲಿ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ, ತಾಗಿದ ಬಿಂದು ಕ್ಷಣಮಾತ್ರದಲ್ಲಿ ಕಾದು ಎರಡೂ ಹಲ್ಲುಗಳು ಸೂಕ್ಷ್ಮವಾಗಿ ಬೆಸೆದುಕೊಂಡು ಮತ್ತೆ ಕಿತ್ತುಹೋಗುತ್ತವೆ. ಹಲ್ಲಿನ ಮೇಲೆ ಗೀರು ಗೀರಾಗಿ ಕಾಣುವ ಗಾಯ ಇದರಿಂದ ಆಗುವುದೇ.

ಇದನ್ನು ತಡೆಯಲು ಗೇರ್ ಆಯಿಲ್‌ಗೆ ಗಂಧಕ ಮತ್ತು ರಂಜಕಗಳ ಸಂಯುಕ್ತಗಳನ್ನು ಸೇರಿಸುತ್ತಾರೆ. ಗೇರ್ ಆಯಿಲ್ ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ನಾತ ಈ ಗಂಧಕದ್ದು. ತಾಗುವ ಬಿಂದುವಿನಲ್ಲಿ ಬಿಸಿ ಏರಿದೊಡನೆ ಈ ಸಂಯುಕ್ತಗಳು ಒಡೆದು ಉಕ್ಕಿನ ಮೇಲ್ಮೈಯೊಡನೆ ಬೆರೆತು, ಬೆಸೆದುಕೊಳ್ಳದೆ ಸವೆದುಹೋಗುವಂಥ ಒಂದು ಮೆತು ಪದರವನ್ನು ಅಲ್ಲಿಯೇ ಉಂಟುಮಾಡುತ್ತವೆ. ಪದರ ಸವೆದಂತೆ ಹೊಸದು ಹುಟ್ಟುತ್ತದೆ, ಎಣ್ಣೆಯಲ್ಲಿರುವ ಸಂಯುಕ್ತ ಅಷ್ಟಷ್ಟೇ ಖರ್ಚಾಗುತ್ತದೆ. ಎಣ್ಣೆ ನೋಡುವುದಕ್ಕೆ ಚೆನ್ನಾಗಿದ್ದರೂ ಕಾಲಕ್ಕೆ ಸರಿಯಾಗಿ ಬದಲಿಸಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ.

ಜಿಎಲ್-4, ಜಿಎಲ್-5 ಎಂಬ ಸಂಖ್ಯೆಗಳು ಈ ರಕ್ಷಣೆ ಎಷ್ಟರಮಟ್ಟಿಗೆ ಇದೆಯೆಂಬುದನ್ನು ಹೇಳುತ್ತವೆ. ಎಣ್ಣೆ ಎಷ್ಟು ದಪ್ಪ ಎಂಬುದಕ್ಕೂ ಇವಕ್ಕೂ ಸಂಬಂಧವಿಲ್ಲ. ಜಿಎಲ್-4 ದರ್ಜೆಯ ಎಣ್ಣೆಯಲ್ಲಿ ಇಂಥ ಸಂಯುಕ್ತಗಳ ಪ್ರಮಾಣ ಜಿಎಲ್-5ರ ಸುಮಾರು ಅರ್ಧದಷ್ಟಿರುತ್ತದೆ. ಜಿಎಲ್-5 ಎನಿಸಿಕೊಳ್ಳಬೇಕಾದರೆ ಎಣ್ಣೆಯು ನಿಜವಾದ ಆಕ್ಸಲ್‌ಗಳಲ್ಲಿ ನಡೆಸುವ ಕೆಲವು ಕಠಿಣ ಪರೀಕ್ಷೆಗಳನ್ನು ದಾಟಬೇಕು. ಅವುಗಳಲ್ಲಿ ಎಲ್-37 ಎಂಬುದು ಕಡಿಮೆ ವೇಗ, ಹೆಚ್ಚು ಟಾರ್ಕ್ ಇರುವಾಗ ಹಲ್ಲು ಸವೆಯದೆ ಉಳಿಯುತ್ತದೆಯೇ ಎಂದು ನೋಡುತ್ತದೆ. ಎಲ್-42 ಎಂಬುದು ಹೆಚ್ಚು ವೇಗದಲ್ಲಿ ಹಠಾತ್ ಹೊಡೆತ ಬಿದ್ದಾಗ ಏನಾಗುತ್ತದೆಂದು ನೋಡುತ್ತದೆ. ಎಲ್-33 ನೀರು ಸೇರಿದ ಆಕ್ಸಲ್ ತುಕ್ಕು ಹಿಡಿಯುತ್ತದೆಯೇ ಎಂದು ಪರೀಕ್ಷಿಸುತ್ತದೆ. ನಿಮ್ಮ ಬಳಕೆಯನ್ನೇ ನೋಡಿ: ಫೋರ್-ಎಲ್ (ನಾಲ್ಕೂ ಚಕ್ರಗಳ ನಿಧಾನ ಗೇರ್) ಹಾಕಿ ಕೆಸರಿನ ಏರನ್ನು ನಿಧಾನವಾಗಿ ಹತ್ತುವುದು ಮೊದಲನೆಯ ಪರೀಕ್ಷೆ, ಗಾಳಿಯಲ್ಲಿ ಸುತ್ತುತ್ತಿದ್ದ ಚಕ್ರ ಬಂಡೆಗೆ ತಗುಲಿ ಫಕ್ಕನೆ ಹಿಡಿತ ಪಡೆಯುವುದು ಎರಡನೆಯದು, ಹಳ್ಳ ಮೂರನೆಯದು. ಆಫ್‌ರೋಡ್ ಗಾಡಿಯ ಆಕ್ಸಲ್‌ಗೆ ಜಿಎಲ್-5ಕ್ಕಿಂತ ಕೆಳಗಿನ ದರ್ಜೆ ಸಲ್ಲದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಹಾಗಿದ್ದರೆ ಎಲ್ಲ ಕಡೆಗೂ ಜಿಎಲ್-5 ಹಾಕಿಬಿಟ್ಟರಾಯಿತಲ್ಲ ಎಂಬ ಪ್ರಶ್ನೆ ಬರುತ್ತದೆ. ಗೇರ್‌ಬಾಕ್ಸಿನಲ್ಲಿ ಗೇರುಗಳ ವೇಗವನ್ನು ಹೊಂದಿಸುವ ಸಿಂಕ್ರೊ ರಿಂಗುಗಳಿರುತ್ತವೆ. ಅವು ಸಾಮಾನ್ಯವಾಗಿ ಹಿತ್ತಾಳೆಯ ಜಾತಿಯ ಲೋಹದವು. ಚುರುಕಾದ ಗಂಧಕ ಬಿಸಿಯಲ್ಲಿ ಈ ಹಳದಿ ಲೋಹವನ್ನು ತಿನ್ನುತ್ತದೆ. ಈಗಿನ ಜಿಎಲ್-5 ಎಣ್ಣೆಗಳಲ್ಲಿ ಈ ದೋಷವನ್ನು ಬಹಳಷ್ಟು ತಗ್ಗಿಸಿದ್ದಾರೆಂಬುದು ನಿಜ. ಆದರೆ ಇನ್ನೊಂದು ತೊಡಕು ಹಾಗೆಯೇ ಉಳಿಯುತ್ತದೆ: ಸಿಂಕ್ರೊ ರಿಂಗು ಕೆಲಸ ಮಾಡುವುದೇ ಉಜ್ಜಾಟದಿಂದ, ಎಣ್ಣೆ ಅತಿಯಾಗಿ ಜಾರುವಂಥದ್ದಾದರೆ ಅದು ಹಿಡಿಯಬೇಕಾದ ಹೊತ್ತಿಗೆ ಹಿಡಿಯುವುದಿಲ್ಲ, ಗೇರ್ ಬದಲಿಸುವಾಗ ಕಿರುಗುಟ್ಟುತ್ತದೆ. ಆದ್ದರಿಂದ ಗೇರ್‌ಬಾಕ್ಸಿಗೆ ಜಿಎಲ್-4 ಇರಲಿ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರ್ಪಟ್ಟು, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟುಕೊಂಡು, ತನ್ನದೇ ಎಣ್ಣೆಯಲ್ಲಿ ಓಡುತ್ತದೆ. ಅದಕ್ಕೆ ಗಾಡಿಯ ಕೈಪಿಡಿ ಹೇಳಿದ್ದನ್ನೇ ಹಾಕಿಸಿ. ಅದರೊಳಗೆ ಹೈಪಾಯ್ಡ್ ಗೇರುಗಳಿಲ್ಲ.

ನಿಮ್ಮ ಗ್ಯಾರೇಜಿನ ‘ನೈಂಟಿ ಆಯಿಲ್’ ಬಗ್ಗೆ ಇಲ್ಲಿಯೇ ಒಂದು ಮಾತು. 90 ಎಂಬುದು ದಪ್ಪದ ಸಂಖ್ಯೆ ಮಾತ್ರ. ಜಿಎಲ್-4ರಲ್ಲೂ 90 ಇದೆ, ಜಿಎಲ್-5ರಲ್ಲೂ 90 ಇದೆ. ಡ್ರಮ್ಮಿನ ಮೇಲೆ ‘ಇಪಿ 90’ ಎಂದು ಬರೆದಿದ್ದರೂ ನೆಮ್ಮದಿಪಡುವಂತಿಲ್ಲ. ಇಪಿ ಎಂಬ ಅಕ್ಷರಗಳು ಅತಿ ಒತ್ತಡ ತಾಳುವ ಸಂಯುಕ್ತವೇನೋ ಇದೆಯೆಂದಷ್ಟೇ ಸಾರುತ್ತವೆ, ಎಷ್ಟಿದೆ ಎಂದು ಹೇಳುವುದಿಲ್ಲ. ನಮ್ಮಲ್ಲಿ ಇಪಿ 90 ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಎಣ್ಣೆಗಳು ಜಿಎಲ್-4 ದರ್ಜೆಯವು. ಒಂದೇ ಡ್ರಮ್ಮಿನಿಂದ ನಾಲ್ಕೂ ಕಡೆಗೆ ಹಾಕುವಾಗ ಎರಡು ಆಕ್ಸಲ್‌ಗಳಿಗಾದರೂ ಅನ್ಯಾಯವಾಗುತ್ತದೆ, ಇಲ್ಲವೇ ಗೇರ್‌ಬಾಕ್ಸಿಗೆ ಆಗುತ್ತದೆ. ಮೊಹರು ಒಡೆಯದ ಡಬ್ಬಿ ಕೊಂಡು, ಅದರ ಹಿಂದಿನ ಬರಹದಲ್ಲಿ ‘ಎಪಿಐ ಜಿಎಲ್-5’ ಎಂಬುದನ್ನು ಕಣ್ಣಾರೆ ನೋಡಿ ಕೊಡಿ. ಗೇರ್ ಆಯಿಲ್‌ಗಳ ಮೇಲಿನ ಜಿಎಲ್-5 ಎಂಬ ಬರಹ ತಯಾರಕರೇ ಹೇಳಿಕೊಳ್ಳುವ ಮಾತು. ಅದರ ಜತೆಗೆ ‘ಎಸ್‌ಎಇ ಜೆ2360’ (ಎಸ್‌ಎಇ ಎಂಬುದು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ) ಮಾನ್ಯತೆ ಪಡೆದ ಎಣ್ಣೆಯೆಂದಿದ್ದರೆ, ಪರೀಕ್ಷೆಯ ಫಲಿತಾಂಶಗಳನ್ನು ಹೊರಗಿನವರೂ ಪರಿಶೀಲಿಸಿದ್ದಾರೆಂದು ತಿಳಿಯಬಹುದು. ಸಿಂಥೆಟಿಕ್ ಎಂಬ ದೊಡ್ಡಕ್ಷರಕ್ಕಿಂತ ಆ ಸಣ್ಣಕ್ಷರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ದಪ್ಪದ ವಿಚಾರ, ಅಂದರೆ ಸ್ನಿಗ್ಧತೆ. ಎಂಜಿನ್ ಆಯಿಲ್‌ನ ಸಂಖ್ಯೆಗಳೊಂದಿಗೆ ಗೇರ್ ಆಯಿಲ್‌ನ ಸಂಖ್ಯೆಗಳನ್ನು ಹೋಲಿಸಿ ಬೆದರುವವರು ಬಹಳ. ಇವೆರಡರ ಅಳತೆಗೋಲು ಬೇರೆ ಬೇರೆ. ಎಸ್‌ಎಇ ಗೇರ್ ಆಯಿಲ್ ಪಟ್ಟಿಯಲ್ಲಿ 90 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್‌ವರೆಗಿನ ಸ್ನಿಗ್ಧತೆ. ಅದು ಹೆಚ್ಚುಕಡಿಮೆ ಎಂಜಿನ್ ಆಯಿಲ್‌ನ 40–50ಕ್ಕೆ ಸಮ. 140 ಎಂದರೆ 24ರಿಂದ 32.5 ಸೆಂಟಿಸ್ಟೋಕ್. ಇವೆರಡರ ನಡುವೆ ತೆರವು ದೊಡ್ಡದಾಯಿತೆಂದು 2005ರಲ್ಲಿ 110 ಎಂಬ ಹೊಸ ದರ್ಜೆಯನ್ನು ಸೇರಿಸಿದರು, ನಮ್ಮ ಅಂಗಡಿಗಳಲ್ಲಿ ಅದು ಸಿಗುವುದು ಕಷ್ಟ. ಡಬ್ಲ್ಯು ಅಕ್ಷರ ಹೊತ್ತ ಮೊದಲ ಸಂಖ್ಯೆ ಚಳಿಯದು: 75ಡಬ್ಲ್ಯು ಎಣ್ಣೆ ಮೈನಸ್ 40 ಡಿಗ್ರಿಯವರೆಗೂ, 80ಡಬ್ಲ್ಯು ಮೈನಸ್ 26ರವರೆಗೂ, 85ಡಬ್ಲ್ಯು ಮೈನಸ್ 12ರವರೆಗೂ ನಿಗದಿತ ಮಿತಿ ಮೀರಿ ಗಟ್ಟಿಯಾಗುವುದಿಲ್ಲ. ಮಲೆನಾಡಿನ ಮಾಗಿಯ ಚಳಿಯಲ್ಲಿ ಈ ಮೂರರಲ್ಲಿ ಯಾವುದಿದ್ದರೂ ನಡೆಯುತ್ತದೆ. ಚಳಿಗಾಲದಲ್ಲಿ ಲಡಾಖಿಗೋ ಸ್ಪಿತಿಗೋ ಗಾಡಿ ಒಯ್ಯುವವರು ಮಾತ್ರ 85ಡಬ್ಲ್ಯು ಬಿಟ್ಟು 75ಡಬ್ಲ್ಯು ಆರಿಸಿಕೊಳ್ಳುವುದು ವಿವೇಕ. ಬೆಳಗಿನ ಹೊತ್ತು ಹೆಪ್ಪುಗಟ್ಟಿದಂತಿರುವ ಎಣ್ಣೆ ಪಿನಿಯನ್ ಬೇರಿಂಗಿನವರೆಗೆ ಹರಿದು ಹೋಗುವಷ್ಟರಲ್ಲಿ ಬೇರಿಂಗು ಒಣಗಿ ತಿರುಗಿರುತ್ತದೆ.

ನಿಮ್ಮ ಗೆಳೆಯರು 140 ಹೇಳುವುದರಲ್ಲಿ ತಥ್ಯವಿಲ್ಲದೆ ಇಲ್ಲ. ಎಣ್ಣೆ ದಪ್ಪಗಿದ್ದಷ್ಟೂ ಹಲ್ಲುಗಳ ನಡುವೆ ನಿಲ್ಲುವ ಪದರ ದಪ್ಪ. ಆದರೆ ಈ ಪದರ ನಿಲ್ಲಬೇಕಾದರೆ ಹಲ್ಲುಗಳು ಒಂದಿಷ್ಟು ವೇಗದಲ್ಲಿ ಸುತ್ತಬೇಕು. ಫೋರ್-ಎಲ್‌ನಲ್ಲಿ ಗಾಡಿ ಆಮೆಗತಿಯಲ್ಲಿ ಹತ್ತುವಾಗ 90 ಹಾಕಿದರೂ 140 ಹಾಕಿದರೂ ಪದರ ತೆಳುವೇ, ಅಲ್ಲಿ ಹಲ್ಲನ್ನು ಕಾಯುವುದು ಮುಖ್ಯವಾಗಿ ಮೇಲೆ ಹೇಳಿದ ಗಂಧಕ-ರಂಜಕಗಳ ರಸಾಯನ. ದಪ್ಪದ ಲಾಭ ಚೆನ್ನಾಗಿ ಸಿಗುವುದು ಎಣ್ಣೆ ಬಹಳ ಕಾಯುವ ಸಂದರ್ಭದಲ್ಲಿ, ಅಂದರೆ ಭಾರ ಎಳೆದುಕೊಂಡು ಗಂಟೆಗಟ್ಟಲೆ ವೇಗವಾಗಿ ಓಡುವಾಗ. ನಿಮ್ಮ ಟ್ರೈಲರ್ ತೋಟದಿಂದ ಕಣಕ್ಕೆ ಬರುವಷ್ಟರಲ್ಲಿ ಆಕ್ಸಲ್ ಅಷ್ಟು ಕಾಯುವ ಸಂಭವವಿಲ್ಲ. ಹಾಗೆಂದು 140ರಿಂದ ನಷ್ಟವೇನೂ ಇಲ್ಲವೆಂದಲ್ಲ: ದಪ್ಪ ಎಣ್ಣೆಯನ್ನು ಕಲಕುವುದಕ್ಕೆ ಎಂಜಿನ್ನಿನ ಶಕ್ತಿ ಬೇಕು, ಆ ಶಕ್ತಿ ಮತ್ತೆ ಎಣ್ಣೆಯಲ್ಲಿ ಬಿಸಿಯಾಗಿಯೇ ಸೇರುತ್ತದೆ. 1.3 ಲೀಟರಿನ ಎಂಜಿನ್ ಇರುವ ಗಾಡಿಯಲ್ಲಿ ಇಂಧನದ ಲೆಕ್ಕದಲ್ಲಿ ಅದು ಕಾಣದೆ ಇರದು. ಗಾಡಿಗೆ ದೊಡ್ಡ ಟೈರು ಹಾಕಿ, ಭಾರ ಹೇರಿ, ಬೇಸಿಗೆಯಲ್ಲಿ ಬಯಲುಸೀಮೆಯ ಹೆದ್ದಾರಿಯಲ್ಲಿ ದೂರ ಓಡಿಸುವವರಿಗೆ ಕೈಪಿಡಿ ಒಪ್ಪುವುದಾದರೆ 85ಡಬ್ಲ್ಯು-140 ಅಥವಾ 75ಡಬ್ಲ್ಯು-140 ಹಾಕಬಹುದೆನ್ನುತ್ತೇನೆ. ನಿಮಗೆ ಬೇಡ.

ಸಿಂಥೆಟಿಕ್ ಎಣ್ಣೆ ಮೇಲಾದದ್ದೇ, ಅದರಲ್ಲಿ ವಾದವಿಲ್ಲ. ಬಿಸಿಗೆ ಅದು ಬೇಗ ಕೆಡುವುದಿಲ್ಲ, ಚಳಿಗೆ ಗಟ್ಟಿಯಾಗುವುದು ಕಡಿಮೆ, ಕಾದಾಗ ತೆಳುವಾಗುವುದೂ ಕಡಿಮೆ. ಈ ಗುಣಗಳೆಲ್ಲ ಸೇರಿ ಅದರ ಆಯುಸ್ಸನ್ನು ಹೆಚ್ಚಿಸುತ್ತವೆ. ಕೊಂಡವರು ಹಣ ಕೊಡುವುದು ಆ ಆಯುಸ್ಸಿಗೆ. ಆದರೆ ನೀರು ಬೆರೆತ ಮೇಲೆ ಸಿಂಥೆಟಿಕ್ ಎಣ್ಣೆಯನ್ನೂ ಚೆಲ್ಲಲೇಬೇಕು. ದುಬಾರಿ ಎಣ್ಣೆಯನ್ನು ಚೆಲ್ಲಲು ಮನಸ್ಸು ಬಾರದೆ ಇನ್ನೊಂದು ತಿಂಗಳು ನೋಡೋಣವೆಂದು ಮುಂದೂಡುವುದು ಮನುಷ್ಯ ಸ್ವಭಾವ, ಆ ಒಂದು ತಿಂಗಳಿನಲ್ಲಿ ಬೇರಿಂಗುಗಳಿಗೆ ತುಕ್ಕು ಕೂರುತ್ತದೆ. ದಿನವೂ ಹಳ್ಳ ದಾಟುವ ಗಾಡಿಗೆ ಅಗ್ಗದ ಒಳ್ಳೆಯ ಎಣ್ಣೆಯೇ ಒಳ್ಳೆಯದೆಂದು ನಾನು ಹೇಳುವುದು ಜಿಪುಣತನದಿಂದಲ್ಲ.

ಈಗ ನೀರಿನ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ಆಕ್ಸಲ್ ಹೌಸಿಂಗಿನೊಳಗೆ ಎಣ್ಣೆಗಿಂತ ಹೆಚ್ಚು ಗಾಳಿ ಇರುತ್ತದೆ. ಓಡಾಡಿದ ಗಾಡಿಯ ಹೌಸಿಂಗ್ 80 ಡಿಗ್ರಿಗೆ ಕಾದಿದೆಯೆಂದುಕೊಳ್ಳಿ; ಹಳ್ಳಕ್ಕಿಳಿದೊಡನೆ ಅದು 25 ಡಿಗ್ರಿಯ ನೀರಿನಲ್ಲಿ ತಣಿಯುತ್ತದೆ. ಒಳಗಿನ ಗಾಳಿ ಅಷ್ಟರಲ್ಲಿ ಸುಮಾರು ಆರರಲ್ಲೊಂದು ಪಾಲು ಕುಗ್ಗುತ್ತದೆ, ಆ ತೆರವನ್ನು ತುಂಬಲು ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳುತ್ತದೆ. ಇದಕ್ಕೆಂದೇ ಹೌಸಿಂಗಿನ ಮೇಲೆ ಬ್ರೀದರ್ ಇಟ್ಟಿರುತ್ತಾರೆ. ಬ್ರೀದರ್ ನೀರಿನ ಮಟ್ಟಕ್ಕಿಂತ ಮೇಲಿದ್ದು ಬಾಯಿ ತೆರೆದಿದ್ದರೆ ಗಾಳಿ ಬರುತ್ತದೆ. ಅದು ನೀರಿನಲ್ಲಿ ಮುಳುಗಿದ್ದರೆ ನೀರು ಬರಬಹುದು. ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ ಆ ಎಳೆತವೆಲ್ಲ ಪಿನಿಯನ್ ಸೀಲ್ ಮತ್ತು ಆಕ್ಸಲ್ ಸೀಲುಗಳ ಮೇಲೆ ಬೀಳುತ್ತದೆ. ಈ ಸೀಲುಗಳ ತುಟಿ ಒಳಗಿನ ಎಣ್ಣೆಯನ್ನು ತಡೆಯಲು ಒಳಮುಖವಾಗಿ ಮಾಡಿದ್ದು, ಹೊರಗಿನಿಂದ ಬರುವ ನೀರನ್ನು ಅಷ್ಟು ಬಿಗಿಯಾಗಿ ತಡೆಯಲಾರದು. ಮುಚ್ಚಿದ ಬ್ರೀದರ್ ಬೇಸಿಗೆಯಲ್ಲೂ ಉಪದ್ರವ ಕೊಡುತ್ತದೆ: ಕಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಮೂಲಕ ಹೊರಕ್ಕೆ ತಳ್ಳುತ್ತದೆ, ಅದು ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಹರಿದು ಲೈನರುಗಳನ್ನು ತೋಯಿಸುತ್ತದೆ. ಬ್ರೇಕ್ ಹಿಡಿಯುತ್ತಿಲ್ಲವೆಂದು ಸೀಲನ್ನು ಎರಡು ಮೂರು ಬಾರಿ ಬದಲಿಸಿ ಸುಸ್ತಾದವರು ಬ್ರೀದರನ್ನು ಒಮ್ಮೆ ಬಿಚ್ಚಿ ನೋಡಬೇಕು.

ಪರಿಹಾರ ಸುಲಭ. ಎರಡೂ ಆಕ್ಸಲ್‌ಗಳ ಬ್ರೀದರ್ ಇರುವಲ್ಲಿಗೆ ಎಣ್ಣೆ ತಾಳುವ ರಬ್ಬರ್ ಪೈಪ್ ಸೇರಿಸಿ, ಅದರ ತುದಿಯನ್ನು ಹಿಂದೆ ಬಾಡಿಯ ಮೇಲ್ಭಾಗಕ್ಕೂ ಮುಂದೆ ಎಂಜಿನ್ ಕೋಣೆಯ ಎತ್ತರಕ್ಕೂ ಒಯ್ದು, ಬಾಯಿಗೆ ಒಂದು ಸಣ್ಣ ಫಿಲ್ಟರ್ ಕೂರಿಸಿ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಪೈಪ್ ಎಳೆಯದಂತೆ ಸಡಿಲು ಬಿಡಬೇಕು, ಸೈಲೆನ್ಸರಿಗೆ ತಾಗಬಾರದು. ಇದನ್ನು ಮಾಡಿಸಲು ತಗಲುವ ಖರ್ಚು ಒಂದು ಡಬ್ಬಿ ಸಿಂಥೆಟಿಕ್ ಎಣ್ಣೆಯದಕ್ಕಿಂತ ಕಡಿಮೆ. ಹಳ್ಳಕ್ಕಿಳಿಯುವ ಮುಂಚೆ ಗಾಡಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆಕ್ಸಲ್ ಆರಲು ಬಿಡುವುದೂ ಒಳ್ಳೆಯ ರೂಢಿ, ಮಳೆ ಸುರಿಯುತ್ತಿರುವಾಗ ಯಾರೂ ಅದನ್ನು ಪಾಲಿಸುವುದಿಲ್ಲವೆಂಬುದೂ ನನಗೆ ಗೊತ್ತು.

ನೀರು ಸೇರಿದೆಯೇ ಎಂದು ನೋಡುವುದು ಹೇಗೆ? ಕಲಕಿ ಬೆರೆತ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ತುಂಬುವ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿದರೆ ಗೊತ್ತಾಗುತ್ತದೆ. ಗಾಡಿ ರಾತ್ರಿಯಿಡೀ ನಿಂತಿದ್ದರೆ ಬೆರೆಯದೆ ಉಳಿದ ನೀರು ತಳಕ್ಕಿಳಿದಿರುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಕೆಳಗಿನ ಡ್ರೇನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ಸಡಿಲಿಸಿ, ಮೊದಲು ಒಸರುವ ಹನಿಗಳನ್ನು ಗಾಜಿನ ಲೋಟದಲ್ಲಿ ಹಿಡಿದರೆ ನೀರು ತಾನಾಗಿ ಕಾಣಿಸುತ್ತದೆ. ನೀರು ಕಂಡರೆ ಎಣ್ಣೆಯನ್ನು ಅಂದೇ ಇಳಿಸಿ ಹೊಸದು ಹಾಕಿ, ಬಹಳ ಸೇರಿದ್ದರೆ ಹೊಸದನ್ನು ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಬದಲಿಸಿ. ಹೌಸಿಂಗನ್ನು ಸೀಮೆಎಣ್ಣೆಯಿಂದ ತೊಳೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಬೇರಿಂಗುಗಳ ಒಳಗೆ ಉಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ.

ಜಿಪ್ಸಿಯ ಮುಂದಿನ ಆಕ್ಸಲ್‌ಗೆ ಸಂಬಂಧಿಸಿದ ಇನ್ನೆರಡು ಸೂಕ್ಷ್ಮಗಳಿವೆ. ಚಕ್ರಗಳು ತಿರುಗುವ ಎರಡೂ ತುದಿಗಳಲ್ಲಿ ಗೋಳಾಕಾರದ ಮುಚ್ಚಿದ ನಕಲುಗಳಿದ್ದು (ಇಂಗ್ಲಿಷಿನ knuckle, ಅಂದರೆ ಚಕ್ರ ತಿರುಗುವ ಗೆಣ್ಣು), ಅವುಗಳೊಳಗಿನ ಜಾಯಿಂಟ್‌ಗೆ ಬೇಕಾದದ್ದು ಗ್ರೀಸ್. ಹೌಸಿಂಗಿನ ಒಳಸೀಲು ಸವೆದರೆ ಡಿಫರೆನ್ಷಿಯಲ್‌ನ ಎಣ್ಣೆ ನಕಲಿನೊಳಗೆ ಹರಿದು ಗ್ರೀಸನ್ನು ಕರಗಿಸುತ್ತದೆ, ಗೋಳದ ಹೊರಗೆ ಕಪ್ಪು ಗಂಜಿಯಂತೆ ಸುರಿಯುತ್ತದೆ. ಕೆಲವರು ಇದನ್ನು ಗ್ರೀಸ್ ಹೆಚ್ಚಾಗಿದೆಯೆಂದು ತಿಳಿದು ಒರೆಸಿ ಸುಮ್ಮನಾಗುತ್ತಾರೆ. ಅತ್ತ ಡಿಫರೆನ್ಷಿಯಲ್ ಒಣಗುತ್ತಿರುತ್ತದೆ. ಇದೇ ದಾರಿಯಲ್ಲಿ ಹಳ್ಳದ ನೀರು ನಕಲಿನಿಂದ ಡಿಫರೆನ್ಷಿಯಲ್‌ಗೂ ಬರುತ್ತದೆ. ಎರಡನೆಯದಾಗಿ, ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಫ್ರೀ ವ್ಹೀಲಿಂಗ್ ಹಬ್‌ಗಳನ್ನು ಬಿಡಿಸಿಟ್ಟು ತಿಂಗಳುಗಟ್ಟಲೆ ಟೂ ವ್ಹೀಲಿನಲ್ಲೇ ಓಡಿಸಿದರೆ ಮುಂದಿನ ಕ್ರೌನ್ ತಿರುಗುವುದೇ ಇಲ್ಲ. ಎಣ್ಣೆಯ ಮಟ್ಟಕ್ಕಿಂತ ಮೇಲಿರುವ ಹಲ್ಲುಗಳೂ ಬೇರಿಂಗುಗಳೂ ತೇವದ ಗಾಳಿಗೆ ಒಣಗಿ ನಿಲ್ಲುತ್ತವೆ. ತಿಂಗಳಿಗೊಮ್ಮೆಯಾದರೂ ಹಬ್ ಲಾಕ್ ಮಾಡಿ ಕೆಲವು ಕಿಲೋಮೀಟರ್ ಓಡಿಸಿದರೆ ಎಲ್ಲಕ್ಕೂ ಮತ್ತೆ ಎಣ್ಣೆ ಹತ್ತುತ್ತದೆ. ಲಾಕ್ ಮಾಡಿದಾಗ ಫೋರ್ ವ್ಹೀಲ್ ಹಾಕಬೇಕೆಂದೇನೂ ಇಲ್ಲ. ಚಕ್ರಗಳೇ ಕ್ರೌನನ್ನು ತಿರುಗಿಸುತ್ತವೆ.

ಮಟ್ಟದ ಬಗ್ಗೆ: ಗಾಡಿ ಸಮತಟ್ಟಾದ ನೆಲದ ಮೇಲಿರುವಾಗ ತುಂಬುವ ತೂತಿನ ಕೆಳತುಟಿಗೆ ಎಣ್ಣೆ ಬಂದು ಹೊರಚೆಲ್ಲಲು ತೊಡಗಬೇಕು, ಅಷ್ಟೇ ಅಳತೆ. ಕಡಿದಾದ ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಆಕ್ಸಲ್‌ನ ಪಿನಿಯನ್ ಮುಂದಕ್ಕೆ ಮುಖ ಮಾಡಿರುವುದರಿಂದ ಅದು ಆಗ ಎಣ್ಣೆಗಿಂತ ಮೇಲೆ ನಿಲ್ಲುತ್ತದೆ. ಇಳಿಜಾರಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಮುಂದಿನ ಪಿನಿಯನ್‌ಗೆ ಇದೇ ಗತಿ. ಮಟ್ಟ ಒಂದು ಬೆರಳಿನಷ್ಟು ಇಳಿದಿದ್ದರೂ ಹೆದ್ದಾರಿಯ ಗಾಡಿಗೆ ಏನೂ ಆಗದು, ತೋಟದ ಏರಿನಲ್ಲಿ ಪಿನಿಯನ್ ಬೇರಿಂಗು ಅದನ್ನು ಅನುಭವಿಸುತ್ತದೆ. ಸಸ್ಪೆನ್ಷನ್ ಎತ್ತರಿಸಿ ಪಿನಿಯನ್ನಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದ ಗಾಡಿಗಳಲ್ಲಿ ಮಟ್ಟವನ್ನು ಸ್ವಲ್ಪ ಹೆಚ್ಚಿಸುವುದುಂಟು. ಮಿಕ್ಕವರು ಅತಿಯಾಗಿ ತುಂಬಬಾರದು: ನೊರೆಯೇಳುತ್ತದೆ, ಸೀಲಿನಿಂದ ಸೋರುತ್ತದೆ.

ಬದಲಿಸುವ ಕಾಲಕ್ಕೆ ಕೈಪಿಡಿಯಲ್ಲಿ ಕಿಲೋಮೀಟರಿನ ಲೆಕ್ಕವಿದೆ, ಆದರೆ ಅದು ರಸ್ತೆಯ ಗಾಡಿಯ ಲೆಕ್ಕ. ನಿಮ್ಮ ಬಳಕೆಗೆ ವರ್ಷಕ್ಕೊಮ್ಮೆ, ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ, ಕೊಯ್ಲು ಆರಂಭವಾಗಿ ಟ್ರೈಲರ್ ಕಟ್ಟುವ ಮುಂಚೆ ಎರಡೂ ಆಕ್ಸಲ್‌ಗಳ ಎಣ್ಣೆಯನ್ನು ಬದಲಿಸಿ. ಮಳೆಗಾಲದ ನಡುವೆ ಹದಿನೈದು ದಿನಕ್ಕೊಮ್ಮೆ ಬೆರಳಿನ ಪರೀಕ್ಷೆ ಸಾಕು. ಹಬ್ ಮುಳುಗುವಷ್ಟು ಆಳದ ನೀರಿನಲ್ಲಿ ಗಾಡಿ ನಿಂತುಹೋದರೆ ಮಾತ್ರ ಕಾಯದೆ ಅಂದೇ ನೋಡಬೇಕು. ಎಣ್ಣೆ ಇಳಿಸುವಾಗ ಗಾಡಿ ಸ್ವಲ್ಪ ಓಡಿ ಬೆಚ್ಚಗಿರಲಿ, ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ತುಕ್ಕು ಹಿಡಿದ ಆ ಪ್ಲಗ್ ಬರಲಾರೆನೆಂದು ಹಟ ಹಿಡಿಯುವುದು ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಗೊತ್ತಾದರೆ ಪೇಚಾಟ. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಲೇಪ ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂಥ ಚೂರು, ಸೂಜಿಯಂಥ ಎಳೆ ಸಿಕ್ಕರೆ ಕ್ರೌನ್ ಬಿಚ್ಚಿಸಬೇಕು. ಇಳಿಸಿದ ಎಣ್ಣೆಯನ್ನು ಬೇಲಿಗೂಟಗಳಿಗೆ ಗೆದ್ದಲು ಹತ್ತದಂತೆ ಬಳಿಯುವ ರೂಢಿ ತೋಟಗಳಲ್ಲಿದೆ. ಹಳ್ಳದ ನೀರು ಕೆಳಗಿನವರ ಗದ್ದೆಗೆ ಹೋಗುವುದರಿಂದ ಅದನ್ನು ಡಬ್ಬಿಯಲ್ಲಿ ತುಂಬಿಸಿ ಹಳೆಯ ಎಣ್ಣೆ ಕೊಳ್ಳುವ ಅಧಿಕೃತರಿಗೆ ಕೊಡುವುದೇ ಸರಿ.

ಲಿಮಿಟೆಡ್ ಸ್ಲಿಪ್ ಕೂರಿಸುವುದಾದರೆ ಯಾವ ಬಗೆಯದೆಂಬುದರ ಮೇಲೆ ಎಣ್ಣೆ ನಿರ್ಧಾರವಾಗುತ್ತದೆ. ಕ್ಲಚ್ ಪ್ಲೇಟುಗಳಿರುವ ಬಗೆಗೆ ಬರಿಯ ಜಿಎಲ್-5 ಹಾಕಿದರೆ, ತಿರುವಿನಲ್ಲಿ ಪ್ಲೇಟುಗಳು ಹಿಡಿದು ಬಿಟ್ಟು ಹಿಡಿದು ಬಿಟ್ಟು ಗಾಡಿ ಅದುರುತ್ತದೆ. ಅದಕ್ಕೆ ಉಜ್ಜಾಟ ಹದಗೊಳಿಸುವ ಸಂಯುಕ್ತ ಬೇಕು. 1970ರ ದಶಕದ ಮೊದಲ ವರ್ಷಗಳವರೆಗೆ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಗಂಧಕ ಸೇರಿಸಿ ಬಳಸುತ್ತಿದ್ದರು, ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಕೃತಕ ಸಂಯುಕ್ತಗಳು ಬಂದವು. ಡಬ್ಬಿಯ ಮೇಲೆ ‘ಎಲ್‌ಎಸ್’ ಎಂದಿದ್ದರೆ ಸಂಯುಕ್ತ ಅದರಲ್ಲಿಯೇ ಇರುತ್ತದೆ, ಮತ್ತೆ ಬೇರೆ ಸೀಸೆ ಸುರಿಯಬಾರದು. ಹೆಚ್ಚಾದರೆ ಪ್ಲೇಟುಗಳು ಹಿಡಿಯುವುದನ್ನೇ ಬಿಡುತ್ತವೆ. ಪ್ಲೇಟುಗಳಿಲ್ಲದೆ ಓರೆಹಲ್ಲಿನ ಗೇರುಗಳ ಉಜ್ಜಾಟದಿಂದಲೇ ಕೆಲಸ ಮಾಡುವ ಬಗೆಗೆ, ಉದಾಹರಣೆಗೆ ಈಟನ್‌ನ ಟ್ರೂಟ್ರ್ಯಾಕ್‌ಗೆ, ಈ ಸಂಯುಕ್ತ ಬೇಡ, ಸಿಂಥೆಟಿಕ್ ಕೂಡ ಬೇಡವೆಂದು ತಯಾರಕರೇ ಹೇಳುತ್ತಾರೆ. ಸಾಧಾರಣ ಖನಿಜ ಜಿಎಲ್-5 ಅದಕ್ಕೆ ತಕ್ಕ ಎಣ್ಣೆ. ಈಗಿನ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಬರುವಂಥ ತಾನಾಗಿ ಲಾಕ್ ಆಗುವ ಬಗೆಗೂ ಕೈಪಿಡಿ ಹೇಳದೆ ಯಾವ ಸೇರ್ಪಡೆಯನ್ನೂ ಹಾಕಬಾರದು. ಕೆಸರಿನ ತೋಟಕ್ಕೆ, ಸವೆಯುವ ಪ್ಲೇಟುಗಳಿಲ್ಲದ ಓರೆಹಲ್ಲಿನ ಬಗೆಯೇ ನನ್ನ ಆಯ್ಕೆ. ನಿಮ್ಮ ಗಾಡಿಯ ಆಕ್ಸಲ್‌ಗೆ ಹೊಂದುವುದು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಕೊನೆಯದಾಗಿ ಆ ಕೂಗುವ ಸದ್ದು. ದಪ್ಪ ಎಣ್ಣೆ ಹಾಕಿದರೆ ಅದು ತಗ್ಗಬಹುದು, ಗಾಡಿ ಮಾರುವವರು ಹಾಗೆ ಮಾಡುವುದೂ ಉಂಟು. ಅಲ್ಲಿ ತಗ್ಗುವುದು ಸದ್ದು ಮಾತ್ರ. ಆಕ್ಸಿಲರೇಟರ್ ಒತ್ತಿದಾಗ ಕೂಗಿ, ಬಿಟ್ಟಾಗ ಸ್ವರ ಬದಲಾದರೆ ಅಥವಾ ನಿಂತರೆ ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳು ಕೂಡುವ ಜಾಗ ತಪ್ಪಿದೆ; ಪಿನಿಯನ್ ಬೇರಿಂಗು ಸಡಿಲಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗುರುಗುಟ್ಟುತ್ತಾ ವೇಗದೊಂದಿಗೆ ಏರಿದರೆ ಬೇರಿಂಗನ್ನೇ ಶಂಕಿಸಬೇಕು, ತಿರುವಿನಲ್ಲಿ ಹೆಚ್ಚು ಕಡಿಮೆಯಾದರೆ ಚಕ್ರದ ಬೇರಿಂಗನ್ನು. ಮೊದಲು ಎಣ್ಣೆಯ ಮಟ್ಟ ನೋಡಿ, ಅಯಸ್ಕಾಂತ ನೋಡಿ, ಪ್ರೊಪೆಲ್ಲರ್ ಶಾಫ್ಟ್‌ನ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಪಿನಿಯನ್ ಆಡುತ್ತಿದ್ದರೆ ತಡಮಾಡದೆ ಬಿಚ್ಚಿಸಿ. ಈ ಹಂತದಲ್ಲಿ ಬೇರಿಂಗಿನ ಖರ್ಚಷ್ಟೇ ಆಗುತ್ತದೆ, ಬಿಟ್ಟರೆ ಕ್ರೌನ್ ಪಿನಿಯನ್ ಎರಡೂ ಹೋಗುತ್ತವೆ. ಹೊಸ ಕ್ರೌನ್ ಪಿನಿಯನ್ ಹಾಕಿಸಬೇಕಾಗಿ ಬಂದರೆ ಜೋಡಿಯಾಗಿಯೇ ಹಾಕಿಸಿ, ಮೊದಲ ಓಟದಲ್ಲಿ ಹದಿನೈದು ಇಪ್ಪತ್ತು ನಿಮಿಷ ಭಾರವಿಲ್ಲದೆ ಓಡಿಸಿ ಪೂರ್ತಿ ಆರಲು ಬಿಡಿ, ಮೊದಲ 800 ಕಿಲೋಮೀಟರ್ ಆದೊಡನೆ ಎಣ್ಣೆ ಬದಲಿಸಿ. ಅಲ್ಲಿಯವರೆಗೆ ಟ್ರೈಲರ್ ಕಟ್ಟಬೇಡಿ.